ಒಂದೇ ಲೋಟದ ಹುಂಜದ ಬಾಲ

ಪಣಜಿ
ಅಕ್ಟೋಬರ್ 28

ಪ್ರೀತಿಯ ಮಾಯ್,

ಬರೆಯುತ್ತಿರುವವಳು ನಿನ್ನ ಮಗಳು ಜೊವಿತಾ. ಹೆಸರು ಮೊದಲೇ ಹಾಕಿಬಿಡುತ್ತೇನೆ, ಇಲ್ಲದಿದ್ದರೆ ಕರೆಂಟ್ ಬಿಲ್ ಎಂದುಕೊಂಡು ಗಡಿಯಾರದ ಹಿಂದೆ ಸಿಕ್ಕಿಸಿಬಿಡುತ್ತೀ. ಆರು ತಿಂಗಳಿಂದ ಫೋನ್ ಮಾಡುತ್ತಿದ್ದೇನೆ. ಮೊದಮೊದಲು ರಿಂಗಾಗಿ ನಿಲ್ಲುತ್ತಿತ್ತು, ಈಗ ರಿಂಗೂ ಆಗುವುದಿಲ್ಲ. ಅದಕ್ಕೇ ಈ ಕಾಗದ.

ಇನ್ನೊಮ್ಮೆ ಹೇಳುತ್ತೇನೆ, ಕೇಳು. ಆ ಪೇಪರಿನವಳು ನನ್ನ ಕಾಕ್‌ಟೇಲ್ ಬಗ್ಗೆ ಬರೆಯಲು ನಮ್ಮ ಬಾರಿಗೆ ಬಂದಾಗ ನಾನು ಹೇಳಿದ್ದು ಇಷ್ಟೇ: "ನನ್ನ ಮಾಯ್ ಇಳಿಸೋ ತೆಂಗಿನ ಫೆನಿಗೆ ಒಂದು ವಾಸನೆ ಇದೆ. ಬಾಟ್ಲಿ ಬರೋಕ್ಕಿಂತ ಮೊದ್ಲೇ ಅದು ಬಂದು ಕುರ್ಚಿ ಎಳ್ಕೊಂಡು ಕೂತಿರತ್ತೆ." ಇದು ಹೊಗಳಿಕೆ, ಮಾಯ್! ಅವಳು ಬರೆದುಕೊಂಡದ್ದು ನಾತ ಎಂದು. ಅದರ ಮೇಲೆ ತಲೆಬರಹ ಬೇರೆ, 'ಅಮ್ಮನ ಫೆನಿಯ ನಾತ ಕಳೆದ ಮಗಳು'. ಅದನ್ನು ಪಕ್ಕದ ಮನೆಯ ಎಸ್ಪೆರಾನ್ಸಾ ಆಂಟಿ ಪೂಜೆ ಬಿಟ್ಟ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, ಹಾಡುವ ಗಂಟಲಿನಲ್ಲೇ ಓದಿದಳಂತೆ. ನಾನು ಅಂದದ್ದು ವಾಸನೆ. ವಾಸನೆ, ನಾತ ಎರಡೂ ಒಂದೇ ಎನ್ನುವವರು ಮೂಗನ್ನು ಕನ್ನಡಕ ನಿಲ್ಲಿಸಲಿಕ್ಕೆ ಮಾತ್ರ ಇಟ್ಟುಕೊಂಡವರು.

ಈಗ ಕೆಲಸದ ಮಾತು. ಡಿಸೆಂಬರ್ ಎಂಟು, ಪಣಜಿ ಇಗರ್ಜಿಯ ಹಬ್ಬದ ದಿನ, ನಮ್ಮ ಬಾರಿನ ಚಳಿಗಾಲದ ಪಟ್ಟಿ ಹೊರಗೆ ಬರುತ್ತದೆ. ನಗಬೇಡ. ನಮ್ಮ ಮಾಲೀಕ ಕ್ಲೆತೊ ಬೆಳಿಗ್ಗೆ ಎಂಟಕ್ಕೆ ಸ್ವೆಟರ್ ಹಾಕಿಕೊಂಡು ಬಂದು ಹತ್ತಕ್ಕೆ ಬೆವರುತ್ತಾನೆ. ಗೋವೆಗೆ ಅಷ್ಟು ಚಳಿ ಸಾಕು. ನಾಲ್ಕು ಹೊಸ ಕಾಕ್‌ಟೇಲ್ ಮಾಡಬೇಕೆಂದಿದ್ದೇನೆ. ನಾಲ್ಕಕ್ಕೂ ಗುಡ್ಡದಲ್ಲಿ ಬೇಲಿಯಲ್ಲಿ ಸಿಗುವ ಸಾಮಾನೇ: ಅಂಬಟೆ, ತೆಪ್ಪಲ, ಮುರುಗಲ ಸಿಪ್ಪೆ, ಸೊಗದೆ ಬೇರು. ನಾಲ್ಕಕ್ಕೂ ನಿನ್ನ ಫೆನಿಯೇ ಬೇಕು. "ಫ್ಯಾಕ್ಟರಿದು ತರ್ಸೋಣ ಬಿಡು" ಎನ್ನುತ್ತಾನೆ ಕ್ಲೆತೊ. ತರಿಸಿ ನೋಡಿದೆ. ಅದಕ್ಕೆ ಸೊಗದೆ ಬೇರು ಹಾಕಿದರೆ ಆಸ್ಪತ್ರೆಯ ಫಿನಾಯಿಲ್ ನೆನಪಾಗುತ್ತದೆ.

ಎರಡು ಜಾಡಿ ಫೆನಿ ಕೊಡು. ಕೊಡುವುದಿಲ್ಲವಾದರೆ ಒಂದು ಪುಟ ಬೈಗುಳವನ್ನಾದರೂ ಬರಿ. ನಿನ್ನ ಮಾತು ಕೇಳದೆ ನನಗೆ ತಲೆ ಕೆಟ್ಟಿದೆ.

ಆಶೀರ್ವಾದ ಬೇಡುವ,
ಜೊವಿತಾ


ಸೋಲವಾಡೊ
ನವೆಂಬರ್ 5

ಜೊವಿತಾ ಬಾಯ್,

ಕಾಗದ ಸಿಕ್ಕಿತು. ಫೋನು ಆಗಸ್ಟಿನಲ್ಲಿ ಕಳ್ಳಿನ ಮಡಕೆಗೆ ಬಿತ್ತು. ತೆಗೆದು ಒರೆಸಿ ಅಕ್ಕಿಯಲ್ಲಿ ಹೂತಿಟ್ಟೆ. ಅದಕ್ಕೆ ಏರಿದ್ದು ಇನ್ನೂ ಇಳಿದಿಲ್ಲ.

ಫೆನಿ ಇಲ್ಲ. ಮಳೆಗಾಲದಿಂದ ಭಟ್ಟಿ ಹಚ್ಚಿಲ್ಲ. ಮಿಂಗೆಲ್ ಇಳಿಸಿ ತರುವ ಕಳ್ಳನ್ನೆಲ್ಲ ಹುಳಿ ಬರಿಸಿ ವಿನಿಗರ್ ಮಾಡುತ್ತಿದ್ದೇನೆ. ವಿನಿಗರ್ ಬಗ್ಗೆ ಯಾರೂ ಪೇಪರಿನಲ್ಲಿ ಬರೆಯುವುದಿಲ್ಲ, ಯಾರೂ ಮೆಟ್ಟಿಲ ಮೇಲೆ ನಿಂತು ಓದುವುದಿಲ್ಲ. ನೆಮ್ಮದಿ. ಮಿಂಗೆಲ್‌ಗೆ ಅರವತ್ತಾರು ತುಂಬಿತು, ಈಗಲೂ ದಿನಕ್ಕೆ ಮೂರು ಸಲ ಮರ ಹತ್ತುತ್ತಾನೆ. ಮೊನ್ನೆ ಅರ್ಧ ಮರದಲ್ಲಿ ನಿಂತು ಕೇಳಿದ: "ಕೆರುಬಿನ್, ಇಷ್ಟು ಚೆಂದದ ಕಳ್ಳನ್ನ ಉಪ್ಪಿನಕಾಯಿಗೆ ಹಾಕ್ತೀಯಲ್ಲ, ಪಾಪ ಬರಲ್ವಾ ನಿಂಗೆ?" ಮೊದಲು ಇಳಿ, ಆಮೇಲೆ ಪಾಪಪುಣ್ಯ ಮಾತಾಡು ಎಂದೆ.

ನಿನ್ನ ಹುಂಜದ ಬಾಲಕ್ಕೆ ಬೇಕಾದ ಸೊಪ್ಪುಸದೆ ಕಳಿಸುತ್ತಿದ್ದೇನೆ. ಕಾಕ್‌ಟೇಲ್ ಎಂದರೆ ಹುಂಜದ ಬಾಲ ಎಂದು ಫಾದರ್ ಹೇಳಿದರು. ಹೆಸರಿಟ್ಟವನು ಕುಡಿದೇ ಇಟ್ಟಿರಬೇಕು. ಮಡಗಾಂವದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟ ಚೀಲದಲ್ಲಿ ಅಂಬಟೆ ಮೇಲೆ, ತೆಪ್ಪಲ ಕಾಗದದ ಪೊಟ್ಟಣದಲ್ಲಿ, ಸೊಗದೆ ಬೇರು ಅಡಿಯಲ್ಲಿ. ತೆಪ್ಪಲದ ಬೀಜ ತೆಗೆದು ಸಿಪ್ಪೆ ಮಾತ್ರ ಬಳಸು, ನಾಲಗೆ ಜುಮ್ಮೆನ್ನಿಸುವುದು ಅದೇ. ಬೇರನ್ನು ಗುಡ್ಡದಿಂದ ನಾನೇ ಅಗೆದೆ. ಸೊಂಟ ಎರಡು ದಿನ ಹಿಡಿದುಕೊಂಡಿತ್ತು. ಇದನ್ನೆಲ್ಲ ಪ್ರೀತಿ ಎಂದುಕೊಳ್ಳಬೇಡ. ಗುಡ್ಡಕ್ಕೆ ಹೇಗೂ ಕಟ್ಟಿಗೆಗೆ ಹೋಗಿದ್ದೆ.

ನಿನ್ನ ತಾಯಿ,
ಕೆರುಬಿನಾ


ಪಣಜಿ
ನವೆಂಬರ್ 11

ಮಾಯ್,

ಬೈಗುಳ ಸಿಕ್ಕಿತು, ಗೋಡೆಗೆ ಅಂಟಿಸಿದ್ದೇನೆ. ಅಂಬಟೆ ಬಂಗಾರ. ತೆಪ್ಪಲ ಒಂದನ್ನು ಬಾಯಿಗಿಟ್ಟ ಕ್ಲೆತೊ ಕಾಲು ಗಂಟೆ ಮಾತೇ ಆಡಲಿಲ್ಲ, ಎಲ್ಲರೂ ನಿನಗೆ ಥ್ಯಾಂಕ್ಸ್ ಹೇಳಿದ್ದಾರೆ.

ಆದರೆ ಬೇರಿನ ವಿಷಯದಲ್ಲಿ ನಿನ್ನ ಕಾಲಿಗೆ ಬಿದ್ದೆ. ಸೇಡು ಎಂದರೆ ಇದಪ್ಪಾ! ತೊಳೆದು, ಜಜ್ಜಿ, ಮೂರು ದಿನ ನೆನೆಹಾಕಿದೆ. ಮುಚ್ಚಳ ತೆಗೆದರೆ ಮಣ್ಣಿನ ನೀರು. ಸೊಗದೆಯ ಘಮದ ಸುಳಿವೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ, ಅದು ಸೊಗದೆಯೇ ಅಲ್ಲ, ಅದರ ಹಾಗೇ ಹಬ್ಬುವ ಯಾವುದೋ ಬಳ್ಳಿಯ ಬೇರು. ಯಾರಿಗೂ ಕುಡಿಸಲಿಲ್ಲ, ಎಲ್ಲ ಚೆಲ್ಲಿದೆ. ಬೇಲಿಯ ಮೇಲೆ ಬಟ್ಟೆ ಒಣಹಾಕುತ್ತಲೇ "ಅಗೋ ಅಲ್ಲಿ ಸೊಗದೆ ಇದೆ" ಎನ್ನುತ್ತಿದ್ದವಳು ನೀನು. ನೀನು ಬೇಕೆಂದೇ ಕಳಿಸಿದ್ದೀ. ನಾತದ ಮಗಳಿಗೆ ವಾಸನೆಯಿಲ್ಲದ ಬೇರು. ಒಪ್ಪಿದೆ, ನೀನೇ ಗೆದ್ದೆ.

ಈಗಲಾದರೂ ರಾಜಿಯಾಗೋಣ. ಸರಿಯಾದ ಬೇರು ಕಳಿಸು, ಜೊತೆಗೆ ಎಲ್ಲಾದರೂ ಮಂಚದಡಿ ಅಡಗಿಸಿಟ್ಟ ಫೆನಿಯಿದ್ದರೆ ಒಂದೇ ಒಂದು ಬಾಟಲಿ.

ಸೋತ ಮಗಳು,
ಜೊವಿತಾ


ಸೋಲವಾಡೊ
ನವೆಂಬರ್ 16

ಜೊವಿತಾ,

ಬೇರು ಬೇರೆಯಾಗಿದ್ದರೆ ಅದು ಕಣ್ಣಿನ ತಪ್ಪು. ಕನ್ನಡಕ ಬದಲಿಸಬೇಕು. ಇನ್ನು ಬೇರು ಕೇಳಬೇಡ, ಅಂಗಡಿಯಲ್ಲಿ ಕೊಂಡುಕೋ.

ಈ ವರ್ಷ ಕೇರಿಯ ಶಿಲುಬೆಯ ಲದಿನ್ ಪ್ರಾರ್ಥನೆ ನಡೆಸುವ ಸರದಿ ನಮ್ಮ ಮನೆಯದು. ಡಿಸೆಂಬರ್ 27, ಸಂಜೆ. ಪ್ರಾರ್ಥನೆ ಹಾಡಿದವರಿಗೆ ಬೇಯಿಸಿದ ಕಡಲೆ ಕೊಡುತ್ತೇನೆ. ಕುಡಿಯಲು ಏನು ಕೊಡುವುದೆಂದು ಇನ್ನೂ ಯೋಚಿಸಿಲ್ಲ. ನಿನಗೆ ಹಬ್ಬದ ದಿನಗಳಲ್ಲಿ ಕೆಲಸ ಜಾಸ್ತಿ, ಬರಲೇಬೇಕೆಂದಿಲ್ಲ.

ಮೊನ್ನೆ ಬಂಗಡೆ ಸಾರು ತಳ ಹಿಡಿದು ಅಡುಗೆಮನೆ ತುಂಬ ಹೊಗೆ. ನಾನು ಅಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಎಸ್ಪೆರಾನ್ಸಾ ತನ್ನ ಮನೆಯಿಂದ ಓಡಿಬಂದು "ಏನ್ ಮಾರಾಯ್ತಿ, ಮನೆ ಸುಡ್ತಾ ಇದೀಯಾ?" ಎಂದಳು. ಅವಳಿಗೆ ಎಲ್ಲದಕ್ಕೂ ಗಲಾಟೆ.

ಮಾಯ್


ಪಣಜಿ
ನವೆಂಬರ್ 20

ಮಾಯ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೈಗುಳವಿಲ್ಲದ ಕಾಗದ ನೀನು ಬರೆದದ್ದೇ ಅಲ್ಲ ಎನ್ನಿಸಿತು.

ಸಾರು ಸುಟ್ಟದ್ದು ಅಲ್ಲೇ ಕೂತ ನಿನಗೆ ತಿಳಿಯಲಿಲ್ಲ, ಆಚೆ ಮನೆಯವಳಿಗೆ ತಿಳಿಯಿತು. ಸೊಗದೆಯನ್ನು ನೀನು ಯಾವತ್ತೂ ಕಣ್ಣಿನಿಂದ ನೋಡಿ ಅಗೆದವಳಲ್ಲ, ಮುರಿದು ಮೂಸಿಯೇ ಚೀಲಕ್ಕೆ ಹಾಕುವವಳು. ಭಟ್ಟಿ ಹಚ್ಚುತ್ತಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದೆಯೆಂದು ಮಿಂಗೆಲ್ ಅಂಕಲ್ ನನಗೆ ಹೇಳಿದ್ದರು, ನೀನು ಹೇಳಿರಲಿಲ್ಲ.

ನಿನಗೆ ವಾಸನೆ ಬರುತ್ತಿಲ್ಲವಾ, ಮಾಯ್? ಹೌದು ಅಥವಾ ಇಲ್ಲ, ಒಂದೇ ಮಾತು ಬರಿ. ಬೈಯುವುದು ಆಮೇಲೆ.

ಜೊವಿತಾ


ಸೋಲವಾಡೊ
ನವೆಂಬರ್ 29

ಬಾಯ್,

ಹೌದು.

ಒಂದೇ ಮಾತು ಎಂದೆ, ಆದರೆ ಒಂದಕ್ಕೇ ನಿಲ್ಲಿಸಲು ನನ್ನಿಂದಾಗದು. ಜುಲೈನಲ್ಲಿ ಜ್ವರ ಬಿಟ್ಟ ದಿನ ಬೆಳಿಗ್ಗೆ ಕಾಫಿ ಮಾಡಿಕೊಂಡೆ. ಬಿಸಿನೀರು ಕುಡಿದ ಹಾಗಾಯಿತು. ಪುಡಿ ಹಳೆಯದು ಎಂದು ಚೆಲ್ಲಿ ಹೊಸ ಡಬ್ಬಿ ಒಡೆದೆ, ಅದೂ ಬಿಸಿನೀರೇ. ಆಮೇಲೆ ಸಾಬೂನು ಮೂಸಿದೆ, ಸೀಮೆಎಣ್ಣೆ ಮೂಸಿದೆ, ಕೊನೆಗೆ ಎಸ್ಪೆರಾನ್ಸಾಳ ಹಂದಿಗೂಡಿನ ಬಳಿ ಹೋಗಿ ನಿಂತು ಜೋರಾಗಿ ಉಸಿರೆಳೆದೆ. ಏನೂ ಇಲ್ಲ. ಅವಳು ಕಿಟಕಿಯಿಂದ "ಏನ್ ಹುಡುಕ್ತಾ ಇದೀಯಾ?" ಎಂದು ಕೇಳಿದಳು. ಕೊಡೆ ಹುಡುಕುತ್ತಿದ್ದೇನೆ ಎಂದೆ.

ಆಗಸ್ಟಿನಲ್ಲಿ ಧೈರ್ಯ ಮಾಡಿ ಒಂದು ಸಲ ಭಟ್ಟಿ ಇಳಿಸಿದೆ. ಹನಿಯ ಮೇಲೆ ಏಳುವ ಮಣಿಯಂಥ ಗುಳ್ಳೆ ನೋಡಿದರೆ ಫೆನಿಯ ಬಲ ತಿಳಿಯುತ್ತದೆ, ಗುಣ ತಿಳಿಯುವುದಿಲ್ಲ. ಗುಣ ತಿಳಿಯಬೇಕಾದರೆ ಅಂಗೈಗೆ ಒಂದು ಹನಿ ಹಾಕಿ ಉಜ್ಜಿ ಮೂಸಬೇಕು. ಮೊದಲು ಬರುವುದು ಚುಚ್ಚುತ್ತದೆ, ಅದನ್ನು ಬಿಡಬೇಕು. ಕೊನೆಗೆ ಬರುವುದು ಒದ್ದೆ ಗೋಣಿಯ ವಾಸನೆ, ಅದು ಬರುವ ಮೊದಲು ಒಲೆಯಿಂದ ಕಟ್ಟಿಗೆ ಎಳೆಯಬೇಕು. ಇದನ್ನು ನಿನ್ನ ಅಜ್ಜಿ ನನಗೆ ಕಲಿಸಿದಳು. "ಇಳಿಸೋಳು ಕುಡೀಬಾರ್ದು, ನಾಲಗೆ ಸುಳ್ಳು ಹೇಳತ್ತೆ, ಮೂಗು ಹೇಳಲ್ಲ" ಎನ್ನುತ್ತಿದ್ದಳು. ಮೂವತ್ತೆಂಟು ವರ್ಷ ಒಂದು ತೊಟ್ಟೂ ಬಾಯಿಗೆ ಹಾಕದೆ ಇಳಿಸಿದೆ. ಆ ದಿನ ಅಂದಾಜಿನ ಮೇಲೆ ಕಟ್ಟಿಗೆ ಎಳೆದೆ. ಮಿಂಗೆಲ್‌ಗೆ ಕೊಟ್ಟೆ. "ಚೆನ್ನಾಗಿದೆ ಕೆರುಬಿನ್" ಎಂದ. ನಾನು ಒಳಗೆ ಹೋದ ಹಾಗೆ ಮಾಡಿ ಬಾಗಿಲ ಸಂದಿನಿಂದ ನೋಡಿದೆ. ತೆಂಗಿನ ಬುಡಕ್ಕೆ ಚೆಲ್ಲಿ, ಬಾಯಿ ಮುಕ್ಕಳಿಸಿ, ಲೋಟ ತೊಳೆದು ಇಟ್ಟು ಹೋದ. ನಾನು ಆ ಫೆನಿಯನ್ನೆಲ್ಲ ಸುರಿದುಬಿಟ್ಟೆ. ಆ ದಿನವೇ ಫೋನೂ ಮಡಕೆಗೆ ಬಿದ್ದದ್ದು. ಬಿದ್ದದ್ದಲ್ಲ, ನಿನ್ನ ಹೆಸರು ಬಂದು ರಿಂಗಾಯಿತು, ಏನು ಹೇಳಲಿ ಎಂದು ಗಾಬರಿಯಾಗಿ ನಾನೇ ಬಿಟ್ಟೆ.

ನಿನ್ನ ಮೇಲೆ ಮೊದಲ ಮೂರು ತಿಂಗಳು ನಿಜವಾದ ಸಿಟ್ಟಿತ್ತು. ಆಮೇಲಿನದು ನಾಟಕ. ಭಟ್ಟಿ ಯಾಕೆ ಹಚ್ಚಿಲ್ಲ ಎಂದು ಕೇಳಿದವರಿಗೆಲ್ಲ ಮಗಳ ಮೇಲೆ ಸಿಟ್ಟು ಎಂದರೆ ಮುಗಿಯುತ್ತಿತ್ತು. ನಿನ್ನನ್ನು ಹಾಗೆ ಬಳಸಿಕೊಂಡದ್ದು ತಪ್ಪು. ವಾಸನೆ ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳಲಿಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ.

ನನಗೆ ಹೆದರಿಕೆಯಾಗಿದೆ, ಬಾಯ್. ಮೂಗು ಹೋದದ್ದಕ್ಕಲ್ಲ. ಫೆನಿ ಇಳಿಸದ ಕೆರುಬಿನಾ ಎಂದರೆ ಯಾರು ಎಂದು ನನಗೇ ಗೊತ್ತಿಲ್ಲ.

ಯಾರಿಗೂ ಹೇಳಬೇಡ, ಎಸ್ಪೆರಾನ್ಸಾಗಂತೂ ಖಂಡಿತ ಬೇಡ.

ಮಾಯ್


ಪಣಜಿ
ಡಿಸೆಂಬರ್ 12

ನನ್ನ ಮಾಯ್,

ನಿನ್ನ ಕಾಗದ ಓದಿ ಸೀದಾ ಬಸ್ ಹತ್ತಲು ಹೊರಟಿದ್ದೆ. ಬಂದು ಏನು ಮಾಡಲಿ, ಇಬ್ಬರೂ ಕೂತು ಅಳುತ್ತೇವೆ, ಆಮೇಲೆ ನೀನು ಬೈಯುತ್ತೀ ಎಂದುಕೊಂಡು ನಿಂತೆ. ಬದಲಿಗೆ ಕೆಲಸ ಶುರುಮಾಡಿದೆ.

ಚಳಿಗಾಲದ ಪಟ್ಟಿ ನಾಲ್ಕರ ಬದಲು ಮೂರರದೇ ಬಂತು, ಮೂರರಲ್ಲೂ ಫೆನಿಯಿಲ್ಲ. ಕ್ಲೆತೊ ಸಿಟ್ಟಿನಿಂದ ಕುಣಿದಾಡಿದ. ನಾಲ್ಕನೆಯದು ಇನ್ನೊಬ್ಬರ ಅಳತೆಗೆ ಹೊಲಿಯುತ್ತಿದ್ದೇನೆ ಎಂದೆ. ಆ ಇನ್ನೊಬ್ಬರು ನೀನು.

ಹತ್ತು ದಿನದಿಂದ ಬಟ್ಟೆಗೆ ಹಾಕುವ ಕ್ಲಿಪ್ಪನ್ನು ಮೂಗಿಗೆ ಹಾಕಿಕೊಂಡು ಕಾಕ್‌ಟೇಲ್ ಮಾಡುತ್ತಿದ್ದೇನೆ. ನಿನ್ನ ಹಾಗೆ ಇದ್ದು ನೋಡಬೇಕಿತ್ತು. ಏಲಕ್ಕಿ ಹಾಕಿದರೆ ವ್ಯರ್ಥ. ಸೊಗದೆ ಹಾಕಿದರೆ ಕಹಿ ಮಾತ್ರ. ಒಂದು ಸಂಜೆ ಕೂತು ಅತ್ತೆ, ಕ್ಲಿಪ್ ಹಾಕಿಕೊಂಡು ಅತ್ತರೆ ಎಷ್ಟು ಕಷ್ಟ ಗೊತ್ತಾ? ಮಾರನೆಯ ದಿನ ಅಂಬಟೆ ಬೇಯಿಸಿ ಹಿಂಡಿದೆ. ಹುಳಿಗೆ ಮೂಗು ಬೇಡ. ಉಪ್ಪಿಗೆ ಬೇಡ. ಕಪ್ಪು ತೆಂಗಿನ ಬೆಲ್ಲಕ್ಕೆ ಬೇಡ. ಶುಂಠಿ, ಒಂದು ಒಣಮೆಣಸಿನಕಾಯಿ, ಗಂಟಲಿಗೇ ತಿಳಿಯುತ್ತದೆ. ಕೊನೆಗೆ ತೆಪ್ಪಲದ ಸಿಪ್ಪೆ ಜಜ್ಜಿ ಹಾಕಿದೆ. ತುಟಿಯಿಂದ ಕಿವಿಯವರೆಗೆ ಜುಮ್ಮೆಂದಿತು, ಮಾಯ್! ಮೂಗು ಕಟ್ಟಿಯೇ ಇತ್ತು, ಆದರೂ ಬಾಯಿ ತುಂಬ ಹಬ್ಬ. ನಾನು ಕುಣಿದದ್ದು ನೋಡಿ ಕ್ಲೆತೊ ಬಾಗಿಲಿಗೆ 'ಮುಚ್ಚಿದೆ' ಹಲಗೆ ತೂಗುಹಾಕಿದ.

ಇದನ್ನು ಬೆಚ್ಚಗೆ ಮಾಡಿ ಲದಿನ್‌ಗೆ ತರುತ್ತೇನೆ. ಕಳೆದ ಕ್ರಿಸ್‌ಮಸ್ಸಿಗೆ ನೀನು ಕೊಟ್ಟ ಎರಡು ಬಾಟಲಿ ಫೆನಿ ಒಡೆಯದೆ ಇಟ್ಟಿದ್ದೇನೆ, ನನ್ನ ಮದುವೆಗೆ ಎಂದು. ಮದುವೆಗಿಂತ ಇದು ಬೇಗ ಆಗುವ ಕೆಲಸ. ನೀನು ಒಂದೇ ಒಂದು ಗುಟುಕು ಕುಡಿಯಬೇಕು. ಈಗ ನೀನು ಇಳಿಸುತ್ತಿಲ್ಲವಲ್ಲ, ಅಜ್ಜಿಯ ಮಾತು ಮೀರಿದ ಹಾಗಾಗುವುದಿಲ್ಲ. ಬರಲಾ?

ಜೊವಿತಾ


ಸೋಲವಾಡೊ
ಡಿಸೆಂಬರ್ 18

ಬಾಯ್,

ಮೂಗಿಗೆ ಕ್ಲಿಪ್ ಹಾಕಿಕೊಂಡವಳಿಗೆ ಮದುವೆ ಹೇಗಾದೀತು?

ಬಾ. ಆದರೆ ಲದಿನ್ ಎಂದರೆ ನಿನ್ನ ಬಾರಲ್ಲ. ಇಲ್ಲಿ ಒಂದೇ ಲೋಟ. ಕೊಡುವವರು ಬಾಟಲಿ ಹಿಡಿದು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ಕುಡಿದವನು ಕೊನೆಯ ಹನಿಯನ್ನು ನೆಲಕ್ಕೆ ಝಾಡಿಸಿ ಲೋಟ ವಾಪಸ್ ಕೊಡಬೇಕು. ಮೂವತ್ತು ಜನ, ಮೂವತ್ತು ಗುಟುಕು. ನಿನ್ನ ಹುಂಜದ ಬಾಲ ಆ ಒಂದು ಲೋಟದಲ್ಲಿ ಕೂರಬೇಕು. ಐಸಿಲ್ಲ, ಸ್ಟ್ರಾ ಇಲ್ಲ, ಕೊಡೆ ಚುಚ್ಚಿದ ಚೆರ್ರಿ ಹಣ್ಣಿಲ್ಲ. ಸುಡುಸುಡು ಕೊಟ್ಟರೆ ಒಂದೇ ಗುಟುಕಿಗೆ ಕುಡಿದು ಯಾರಾದರೂ ಶಿಲುಬೆಯ ಮುಂದೆಯೇ ಬಾಯಿಗೆ ಬಂದದ್ದು ಆಡುತ್ತಾರೆ. ಉಗುರುಬೆಚ್ಚಗೆ ಇರಲಿ. ಅಂಬಟೆ ಹಣ್ಣಾದದ್ದು ಮಾತ್ರ ಹಾಕು, ಕಾಯಿ ಒಗರು.

ನಾನು ಕುಡಿಯುವ ಮಾತು ಆಮೇಲೆ.

ಮಾಯ್


ಸೋಲವಾಡೊ
ಜನವರಿ 7

ಜೊವಿತಾ ಬಾಯ್,

ಲದಿನ್ ಮುಗಿದ ಮಾರನೆಯ ಬೆಳಿಗ್ಗೆಯೇ ನೀನು ಬಸ್ ಹತ್ತಿ ಓಡಿದೆ. ಅಂದು ಹಿತ್ತಲಲ್ಲಿ ಪಾತ್ರೆ ಬೆಚ್ಚಗಿಡುತ್ತ ನಿಂತವಳು ನೀನು, ಮುಂದೆ ಅಂಗಳದಲ್ಲಿ ಏನಾಯಿತೆಂದು ಪೂರ್ತಿ ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಿಂಗೆಲ್ ಮೊದಲ ಗುಟುಕು ಕುಡಿದ. ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡ. ಆಮೇಲೆ "ಯೇಸು ಮರಿಯಾ! ನನ್ ತುಟಿ ಎಲ್ಲೋಯ್ತು?" ಎಂದ. ಅಲ್ಲಿಂದ ಬೆಂಚಿನುದ್ದಕ್ಕೂ ನಗು. ಒಬ್ಬೊಬ್ಬರು ಕುಡಿಯುವಾಗಲೂ ಉಳಿದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ನೀನೊಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ತೆಪ್ಪಲದ ಪುಡಿ ತಳಕ್ಕೆ ಇಳಿಯುತ್ತದೆ, ಸೋಸಬೇಕಿತ್ತು. ಬಾಟಲಿಯ ತಳ ಸೇರಿದ್ದೆಲ್ಲ ಸಿಕ್ಕಿದ್ದು ಬೆಂಚಿನ ಕೊನೆಯಲ್ಲಿ ಕೂತ ಎಸ್ಪೆರಾನ್ಸಾಗೆ. ಕೊನೆಗೆ 'ವೀವಾ' ಎಂದು ಜೈಕಾರ ಕೂಗುವುದು ಪ್ರತಿ ವರ್ಷ ಅವಳೇ ತಾನೇ? ಎದೆ ಉಬ್ಬಿಸಿ ಎದ್ದು ನಿಂತಳು. "ಫೀಫಾ!" ಎಂದಳು. ಇನ್ನೊಮ್ಮೆ ಪ್ರಯತ್ನಿಸಿದಳು, ಮತ್ತೆ "ಫೀಫಾ!" ಫಾದರ್ ಗೋಡೆಯ ಕಡೆಗೆ ತಿರುಗಿ ನಿಂತರು, ಅವರ ಭುಜ ಅಲುಗುತ್ತಿತ್ತು.

ಆ ಗಲಾಟೆಯಲ್ಲಿ ನಾನು ಲೋಟ ತೆಗೆದುಕೊಂಡು ಬಾಟಲಿಯಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದೇ ಗುಟುಕಿಗೆ ಕುಡಿದೆ. ಹುಳಿ ಬಂತು, ಉಪ್ಪು ಬಂತು, ಬೆಲ್ಲ ಬಂತು, ಎದೆಯಲ್ಲಿ ಬೆಚ್ಚಗಾಯಿತು. ಆಮೇಲೆ ತುಟಿಯ ಮೇಲೆ ಇರುವೆ ಹರಿದ ಹಾಗೆ. ಜುಲೈ ಆದ ಮೇಲೆ ನನ್ನ ಬಾಯಿಯೊಳಗೆ ಏನಾದರೂ ನಡೆದದ್ದು ಅದೇ ಮೊದಲು. ಇದು ನನ್ನ ಫೆನಿ, ಅದನ್ನು ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಕುಡಿಯುತ್ತಿದ್ದೇನೆ, ಹಾಗೆ ಕುಡಿಸಿದವಳು ನನ್ನ ಮಗಳು ಎಂದು ನೆನೆದು ಅಳು ಬಂತು, ನಗುವೂ ಬಂತು. ಎಸ್ಪೆರಾನ್ಸಾ ನೋಡಿಬಿಟ್ಟಳು. ಓಡಿಬಂದು "ಏನಾಯ್ತೇ ಕೆರುಬಿನ್?" ಎಂದು ಕೈ ಹಿಡಿದಳು, ಅದೂ ಫಕಾರದಲ್ಲೇ. ಹೇಳಿಬಿಟ್ಟೆ. ಎಲ್ಲರ ಮುಂದೆ ಹೇಳಿದೆ, ನನಗೆ ಮೂಗಿಲ್ಲ ಎಂದು. ಅವಳು ನನ್ನನ್ನು ತಬ್ಬಿಕೊಂಡು, "ಅದಕ್ಕೇ ನನ್ ಹಂದಿಗೂಡ್ ಹತ್ರ ನಿಂತಿದ್ಯಾ, ಹುಚ್ಚಿ!" ಎಂದು ನನಗಿಂತ ಜೋರಾಗಿ ಅತ್ತಳು.

ಮಿಂಗೆಲ್ ಟೋಪಿ ತೆಗೆದು ಬಂದು ನಿಂತ. "ಆಗಸ್ಟಿಂದು ಚೆನ್ನಾಗಿರ್ಲಿಲ್ಲ ಕೆರುಬಿನ್. ಹೇಳೋಕೆ ಬಾಯಿ ಬರ್ಲಿಲ್ಲ" ಎಂದ. ಗೊತ್ತು ಎಂದೆ. ಆದರೆ ಆ ರಾತ್ರಿ ಯೋಚಿಸಿದೆ. ಅವನು ಆ ದಿನವೇ ಕೆಟ್ಟಿದೆ ಎಂದಿದ್ದರೆ ನಾನು ಎಷ್ಟು ಹೊತ್ತು ಹೆಚ್ಚು ಉರಿಸಿದೆ ಎಂದು ತಿಳಿಯುತ್ತಿತ್ತು, ಮರುದಿನವೇ ಸರಿಮಾಡುತ್ತಿದ್ದೆ. ನನ್ನ ಕೆಲಸ ಕೆಡಿಸಿದ್ದು ಮೂಗು ಮಾತ್ರವಲ್ಲ, ಆ 'ಚೆನ್ನಾಗಿದೆ' ಕೂಡ.

ಇನ್ನು ವಿನಿಗರ್ ಸಾಕು. ಮಿಂಗೆಲ್ ಈ ವಾರದ ಕಳ್ಳು ಮಡಕೆಗೆ ಹಾಕಿ ಇಟ್ಟಿದ್ದಾನೆ, ಸೋಮವಾರ ಭಟ್ಟಿ ಹಚ್ಚುತ್ತೇನೆ. ಸೋಮವಾರ ನಿನಗೆ ರಜೆ ಎಂದು ಕ್ಲೆತೊಗೆ ಎಸ್ಪೆರಾನ್ಸಾಳ ಫೋನಿನಿಂದ ನಾನೇ ಹೇಳಿಯಾಗಿದೆ. ಮೊದಲ ಬಸ್ಸಿಗೆ ಬಾ. ಸೆಂಟು ಹಾಕಿಕೊಳ್ಳಬೇಡ, ತಲೆಗೆ ಹೂವು ಬೇಡ, ಹೊಟ್ಟೆ ತುಂಬ ತಿಂದು ಬರಬೇಡ. ನಾನು ಹನಿಯನ್ನು ನಿನ್ನ ಅಂಗೈಗೆ ಹಾಕುತ್ತೇನೆ, ನೀನು ಉಜ್ಜಿ ಮೂಸಿ ಹೇಳಬೇಕು. ಚೆನ್ನಾಗಿದೆ, ಪರವಾಗಿಲ್ಲ, ಅದೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ. ಹಸಿ ತೆಂಗಿನಕಾಯಿಯೋ, ಸುಟ್ಟ ಬೆಲ್ಲವೋ, ಒದ್ದೆ ಗೋಣಿಯೋ, ಬಿಡಿಸಿ ಹೇಳು. ನಾತ ಹೊಡೆದರೆ ನಾತ ಎಂದೇ ಹೇಳು, ಸಿಟ್ಟಾಗುವುದಿಲ್ಲ.

ಒಲೆಯ ಮುಂದೆ ನಾನೇ ಕೂರುತ್ತೇನೆ. ಯಾವಾಗ ಕಟ್ಟಿಗೆ ಎಳೆಯಬೇಕೆಂದು ಮೂವತ್ತೆಂಟು ವರ್ಷದಲ್ಲಿ ನನಗೆ ಯಾರೂ ಹೇಳಿದವರಿಲ್ಲ. ನೀನು 'ಈಗ' ಅನ್ನು, ನಾನು ಎಳೆಯುತ್ತೇನೆ.

ನಿನ್ನ ದಾರಿ ಕಾಯುವ,
ಮಾಯ್